ಚರ್ಚ್ ಹಾಲಿನಲ್ಲಿ ಸಂಜೆ ಕೇಂದ್ರ: ನಡೆಸುವವರಿಗೆ ಗೊತ್ತಿರಬೇಕಾದದ್ದು

ಭಾನುವಾರದ ಆರಾಧನೆ ಮುಗಿದರೆ ನಮ್ಮ ಬಹುಪಾಲು ಚರ್ಚ್ ಹಾಲುಗಳಿಗೆ ಬೀಗ ಬೀಳುತ್ತದೆ. ಮದುವೆಯೋ ಮಹಿಳಾ ಕೂಟವೋ ಇದ್ದರೆ ತೆರೆಯುತ್ತಾರೆ, ಇಲ್ಲದಿದ್ದರೆ ಮುಂದಿನ ಭಾನುವಾರದ ತನಕ ಖಾಲಿ. ಅದೇ ಬೀದಿಯ ಸರ್ಕಾರಿ ಶಾಲೆ ನಾಲ್ಕೂವರೆ ಹೊತ್ತಿಗೆ ಬಿಡುತ್ತದೆ. ಗಾರೆ ಕೆಲಸ, ಗಾರ್ಮೆಂಟ್ಸ್, ಮನೆಗೆಲಸ ಅಂತ ಹೋದ ತಂದೆತಾಯಿ ಮನೆ ಸೇರುವಾಗ ಏಳು ದಾಟಿರುತ್ತದೆ. ಈ ನಡುವಿನ ಹೊತ್ತಿನಲ್ಲಿ ಮಕ್ಕಳಿಗಾಗಿ ಹಾಲ್ ತೆರೆಯಬೇಕು ಎನ್ನುವ ಆಸೆ ಅನೇಕ ಸಭೆಗಳಿಗಿದೆ. ಉದ್ಘಾಟನೆ ಆಗುತ್ತದೆ, ಬ್ಯಾನರ್ ಕಟ್ಟುತ್ತಾರೆ, ದಸರಾ ರಜೆ ಬರುವಷ್ಟರಲ್ಲಿ ಕೇಂದ್ರ ನಿಂತಿರುತ್ತದೆ. ಹಣ ಸಾಲದೆ ನಿಂತಿತು ಎನ್ನುವುದು ಅಪರೂಪ. ಹೆಚ್ಚಿನ ಕಡೆ, ಮಕ್ಕಳು ಹಚ್ಚಿಕೊಂಡಿದ್ದ ಅಣ್ಣನೋ ಅಕ್ಕನೋ ಬರುವುದನ್ನು ಬಿಟ್ಟಿರುತ್ತಾರೆ, ಅವರ ಹಿಂದೆಯೇ ಮಕ್ಕಳೂ ಬಿಟ್ಟಿರುತ್ತಾರೆ. ಹಾಗಾಗಿ ಕಟ್ಟಡ, ಕಂಪ್ಯೂಟರ್, ಬ್ಯಾಗು ವಿತರಣೆ ಎಲ್ಲದಕ್ಕಿಂತ ಮೊದಲು ಯೋಚಿಸಬೇಕಾದದ್ದು ವರ್ಷಪೂರ್ತಿ ಬರುವ ದೊಡ್ಡವರು ಯಾರು ಎಂದು.

ಈ ಕೆಲಸಕ್ಕೆ ಕ್ರೈಸ್ತ ಸಭೆಗಳಲ್ಲಿ ಹಳೆಯ ಬೇರಿದೆ. ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ 1780ರಲ್ಲಿ ನಡೆಸಿದ ಸಂಡೇ ಸ್ಕೂಲ್ ಕೂಲಿ ಮಾಡುವ ಮಕ್ಕಳಿಗೆ ಓದು ಕಲಿಸುತ್ತಿತ್ತು. ಇಟಲಿಯ ಟ್ಯೂರಿನ್‌ನಲ್ಲಿ ಕ್ಯಾಥೊಲಿಕ್ ಪಾದ್ರಿ ಡಾನ್ ಬಾಸ್ಕೊ 1841ರಿಂದ ಗಾರೆ ಕೆಲಸದ ಹುಡುಗರನ್ನು, ಚಿಮಣಿ ಗುಡಿಸುವ ಹುಡುಗರನ್ನು ಸೇರಿಸುತ್ತ ಹೋದರು. 1846ರಲ್ಲಿ ಅದೇ ಊರಿನ ವಾಲ್ದೊಕ್ಕೊದಲ್ಲಿ ಒಂದು ಶೆಡ್ಡು ಸಿಗುವ ತನಕ ಅವರಿಗೆ ನೆಲೆಯೇ ಇರಲಿಲ್ಲ. ಅವರ ಪದ್ಧತಿಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಒಂದೇ: ಆಟದ ಹೊತ್ತಿನಲ್ಲಿ ಶಿಕ್ಷಕರು ಕೋಣೆಯಲ್ಲಿ ಕೂರಬಾರದು, ಮೈದಾನದಲ್ಲಿ ಮಕ್ಕಳ ನಡುವೆ ಇರಬೇಕು. ಮಗು ಬಾಯಿ ಬಿಡುವುದು ಪಾಠದ ಹೊತ್ತಿನಲ್ಲಲ್ಲ, ಆಟ ಮುಗಿಸಿ ನೀರು ಕುಡಿಯುವಾಗ.

ಮೊದಲ ವರ್ಷ 20ರಿಂದ 25 ಮಕ್ಕಳು ಸಾಕು. 60 ಮಕ್ಕಳ ಫೋಟೊ ಚೆನ್ನಾಗಿ ಕಾಣುತ್ತದೆ, ಆದರೆ ಒಬ್ಬೊಬ್ಬರ ಹೆಸರು ನೆನಪಿಡಲೂ ಆಗುವುದಿಲ್ಲ. ಮಕ್ಕಳು ಚಾಪೆಯ ಮೇಲೆ ಕೂತು ಬರೆಯಲು ಒಬ್ಬರಿಗೆ 15 ಚದರ ಅಡಿಯಂತೆ ಲೆಕ್ಕ ಹಾಕಿದರೆ, 20 ಅಡಿಗೆ 30 ಅಡಿಯ ಹಾಲಿನಲ್ಲಿ ನಾಲ್ಕೈದು ಗುಂಪು ಮಾಡಿದ ಮೇಲೂ ನಡುವೆ ಓಡಾಡಲು ಜಾಗ ಉಳಿಯುತ್ತದೆ. ಗುಂಪುಗಳನ್ನು ಗೋಡೆಗೆ ಮುಖ ಮಾಡಿ ಕೂರಿಸಿ. ಎಲ್ಲರೂ ನಡುವಿಗೆ ಮುಖ ಮಾಡಿದರೆ ಒಂದು ಗುಂಪಿನ ಮಗ್ಗಿ ಇನ್ನೊಂದು ಗುಂಪಿನ ಓದನ್ನು ಮುಳುಗಿಸುತ್ತದೆ. ಕರೆಂಟ್ ಹೋದಾಗ ಉರಿಯುವ ಚಾರ್ಜರ್ ಲೈಟು ಗುಂಪಿಗೊಂದು ಇರಲಿ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಗಿನಿಂದ ಚಿಲಕ, ನೀರು, ಮುಚ್ಚಳದ ಡಬ್ಬಿ ಇರಲೇಬೇಕು. ಏಳನೇ ಕ್ಲಾಸು ದಾಟಿದ ಹುಡುಗಿಯರು ಯಾಕೆ ಬರುತ್ತಿಲ್ಲ ಎಂದು ಕೇಳುವವರು ಮೊದಲು ಆ ಚಿಲಕ ನೋಡಿಬರಬೇಕು.

ಹೊತ್ತನ್ನು ಹುಡುಗಿಯರ ಅನುಕೂಲ ನೋಡಿಯೇ ಗೊತ್ತು ಮಾಡಿ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಕತ್ತಲಾಗುತ್ತದೆ. ಏಳಕ್ಕೆ ಬಿಟ್ಟರೆ ತಾಯಂದಿರು ಕಳಿಸುವುದಿಲ್ಲ. 4.45ಕ್ಕೆ ಶುರು ಮಾಡಿ 6.30ಕ್ಕೆ ಮುಗಿಸಿ, ಚಳಿಗಾಲದಲ್ಲಿ 6.15ಕ್ಕೇ ಬಿಡಿ. ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಗೆ 'ಚಿಕ್ಕವರನ್ನು ಕರೆತರಬೇಡ' ಎಂದರೆ ಅವಳೂ ಬರುವುದಿಲ್ಲ. ಒಂದು ಮೂಲೆಯಲ್ಲಿ ಚಾಪೆ, ಸ್ಲೇಟು, ಬಣ್ಣದ ಬಳಪ ಇಟ್ಟು ಅವರಿಗೂ ಜಾಗ ಮಾಡಿ.

ಬಂದ ಕೂಡಲೇ ತಿಂಡಿ. ಮಧ್ಯಾಹ್ನದ ಬಿಸಿಯೂಟ ಆಗಿ ಮೂರು ಗಂಟೆಗೂ ಹೆಚ್ಚು ಕಳೆದಿರುತ್ತದೆ, ಹಸಿದ ಹೊಟ್ಟೆಗೆ ಭಾಗಾಕಾರ ಹತ್ತುವುದಿಲ್ಲ. ತಿಂಡಿಯನ್ನು ಕೊನೆಗೆ ಕೊಟ್ಟರೆ ಎಲ್ಲರೂ ಕೊನೆತನಕ ಕೂರುತ್ತಾರೆ ಎನ್ನುವ ಲೆಕ್ಕಾಚಾರ ತಪ್ಪು. ಕೂರುತ್ತಾರೆ, ಆದರೆ ಕಣ್ಣೆಲ್ಲ ಅಡುಗೆಮನೆ ಕಡೆ. ಬಿಸ್ಕತ್ತು ಸುಲಭ, ಆದರೆ ಅರ್ಧ ಗಂಟೆಗೆ ಮತ್ತೆ ಹಸಿವು. ಉಸಲಿಯೇ ಒಳ್ಳೆಯದು. 25 ಮಕ್ಕಳಿಗೆ ಒಂದು ಕೆಜಿ ಕಡಲೆಕಾಳು, ಅಂದರೆ ತಲೆಗೆ 40 ಗ್ರಾಂ. ಬೆಳಿಗ್ಗೆ ಏಳಕ್ಕೆ ನೆನೆಹಾಕಿದರೆ ಮಧ್ಯಾಹ್ನ ಮೂರೂವರೆಗೆ ಕುಕ್ಕರಿಗೆ ಸಿದ್ಧ. ಉಪ್ಪು ಹಾಕಿ ಐದಾರು ಸೀಟಿ, ಮೇಲೆ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆ, ಒಂದು ಹೋಳು ಕಾಯಿತುರಿ. ಹೆಸರುಕಾಳಾದರೆ ನಾಲ್ಕೈದು ಗಂಟೆ ನೆನೆದರೆ ಸಾಕು, ಒಂದೇ ಸೀಟಿ, ಹೆಚ್ಚಾದರೆ ಮುದ್ದೆಯಾಗುತ್ತದೆ. ಮಾರ್ಚ್ ಬಿಸಿಲಿನಲ್ಲಿ ನೆನೆಸಿದ ನೀರನ್ನು ಒಮ್ಮೆಯಾದರೂ ಬದಲಿಸದಿದ್ದರೆ ಕಾಳು ಹುಳಿ ವಾಸನೆ ಹೊಡೆಯುತ್ತದೆ. ವಾರಕ್ಕೊಂದು ದಿನ ಬಾಳೆಹಣ್ಣು, ಇನ್ನೊಂದು ದಿನ ಶೇಂಗಾ ಚಿಕ್ಕಿ. ಯಾರಿಗಾದರೂ ಶೇಂಗಾ ಆಗಿಬರುವುದಿಲ್ಲವೇ ಎಂದು ಹೆಸರು ಬರೆದುಕೊಳ್ಳುವಾಗಲೇ ತಾಯಿಯನ್ನು ಕೇಳಿ. ತಿಂದು ಎದ್ದು ಹೋಗುವ ಒಂದಿಬ್ಬರು ಇದ್ದೇ ಇರುತ್ತಾರೆ. ಹೋಗಲಿ ಬಿಡಿ. ಕೆಲವು ವಾರದ ಮೇಲೆ ಕೂರುವವರು ಅವರೇ.

ಇನ್ನು ಪಾಠ. ಇಲ್ಲಿ ಹೆಚ್ಚಿನ ಕೇಂದ್ರಗಳು ಹಳಿ ತಪ್ಪುವುದು ಹೋಂವರ್ಕ್ ಮುಗಿಸಿಕೊಡುವ ಜಾಗವಾಗಿ. ಮಗು ಗೈಡ್ ನೋಡಿ ಬರೆಯುತ್ತದೆ, ಸ್ವಯಂಸೇವಕರು ಸಹಿ ಹಾಕುತ್ತಾರೆ, ನೋಟ್‌ಬುಕ್ ತುಂಬುತ್ತದೆ, ಓದು ಬರುವುದಿಲ್ಲ. ಮೊದಲ ವಾರವೇ ಒಬ್ಬೊಬ್ಬ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಐದು ನಿಮಿಷ ಪರೀಕ್ಷಿಸಿ. ಮಕ್ಕಳ ಓದು, ಲೆಕ್ಕ ಅಳೆಯುವ 'ಪ್ರಥಮ್' ಸಂಸ್ಥೆಯ ಅಸರ್ ಸಮೀಕ್ಷೆಯಲ್ಲಿ ಬಳಸುವ ಕ್ರಮ ಸರಳ: ಬಿಡಿ ಅಕ್ಷರ, ಪದ, ನಾಲ್ಕು ವಾಕ್ಯದ ಭಾಗ, ಸಣ್ಣ ಕತೆ. ಲೆಕ್ಕದಲ್ಲಿ ಅಂಕಿ ಗುರುತಿಸುವುದು, ದಶಕ ಎರವಲು ಪಡೆಯುವ ಕಳೆಯುವ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಮಗು ಎಲ್ಲಿ ತಡವರಿಸಿತೋ ಅಲ್ಲಿಂದ ಕಲಿಸಬೇಕು, ಅದು ಓದುತ್ತಿರುವ ಕ್ಲಾಸಿನಿಂದಲ್ಲ.

ತಪ್ಪುಗಳನ್ನು ಹತ್ತಿರದಿಂದ ನೋಡಿದರೆ ಅವುಗಳಲ್ಲೂ ಒಂದು ತರ್ಕ ಕಾಣುತ್ತದೆ. 'ಸೂರ್ಯ' ಎಂದು ಬರೆದದ್ದನ್ನು ಎಂಟನೇ ಕ್ಲಾಸಿನ ಮಗು 'ಸೂಯರ' ಎಂದು ಓದುತ್ತದೆ. ಅರ್ಕಾವತ್ತು ಕಣ್ಣಿಗೆ ಆಮೇಲೆ ಕಾಣುತ್ತದೆ, ಬಾಯಲ್ಲಿ ಮೊದಲು ಬರಬೇಕು. ಅದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಧರ್ಮ, ವರ್ಷ, ಮಾರ್ಗ, ಕಾರ್ಯ ಅಂತ ಇಂಥ ಹತ್ತು ಪದ ಚೀಟಿಯಲ್ಲಿ ಬರೆದು ದಿನಕ್ಕೆ ಐದು ನಿಮಿಷ ಓದಿಸಿದರೆ ಎರಡು ವಾರದಲ್ಲಿ ಕೂರುತ್ತದೆ. 52ರಲ್ಲಿ 17 ಕಳೆ ಎಂದರೆ ಮಗುವಿನ ಉತ್ತರ 45. ಎರಡರಲ್ಲಿ ಏಳು ಹೋಗುವುದಿಲ್ಲ, ಅದಕ್ಕೆ ಏಳರಲ್ಲೇ ಎರಡು ಕಳೆದಿದೆ. ಹತ್ತತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಡಿ. ಒಂದು ಕಟ್ಟನ್ನು ಮಗು ತಾನೇ ಬಿಚ್ಚಬೇಕು. ನೀವು ಬಿಚ್ಚಿ ತೋರಿಸಿದರೆ ಪ್ರಯೋಜನವಿಲ್ಲ. ಮನೆಯಲ್ಲಿ ತಮಿಳು, ತೆಲುಗು, ಉರ್ದು, ಲಂಬಾಣಿ ಮಾತಾಡುವ ಮಕ್ಕಳಿಗೆ ಕನ್ನಡದಲ್ಲಿ ಅಕ್ಷರಕ್ಕಿಂತ ಮೊದಲು ಮಾತು ಬೇಕು. ಅವರಿಗೆ ದಿನಾ ಒಂದು ಕತೆ ಗಟ್ಟಿಯಾಗಿ ಓದಿ ಹೇಳಿ.

ಮಟ್ಟಕ್ಕೆ ತಕ್ಕ ಗುಂಪು ಮಾಡಿದಾಗ ಒಂದು ತೊಂದರೆ ಖಂಡಿತ. ಮೀಸೆ ಚಿಗುರಿದ ಹುಡುಗ ನಾಲ್ಕನೇ ಕ್ಲಾಸಿನವರ ಜೊತೆ ಕೂತು ಕಾಗುಣಿತ ಓದುವುದಿಲ್ಲ, ಮಾರನೇ ದಿನ ಬರುವುದೇ ಇಲ್ಲ. ಅವನಿಗೆ ಬೇರೆ ಪಠ್ಯ ಬೇಕು: ಕ್ರಿಕೆಟ್ ಸುದ್ದಿಯ ನಾಲ್ಕು ಸಾಲು, ಬಸ್ಸಿನ ಬೋರ್ಡುಗಳು, ಬೈಕ್ ಸರ್ವೀಸ್ ಬಿಲ್ಲು. ಅಣ್ಣನೊಬ್ಬ ಪಕ್ಕದಲ್ಲಿ ಕೂತು ಇವನೊಬ್ಬನಿಗೇ ಓದಿಸಲಿ. ಮಟ್ಟದ ಗುಂಪು 40 ನಿಮಿಷ, ಆಮೇಲೆ ಕ್ಲಾಸಿನ ಪ್ರಕಾರ 20 ನಿಮಿಷ ಹೋಂವರ್ಕ್, ಉಳಿದದ್ದು ಆಟ. ಹತ್ತನೇ ಕ್ಲಾಸಿನವರನ್ನು ಜನವರಿಯಿಂದ ಪ್ರತ್ಯೇಕ ಕೂರಿಸಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ.

ಆಟಕ್ಕೆ ವಾಲಿಬಾಲ್ ಮತ್ತು ಒಂದು ಹಗ್ಗ ಸಾಕು. ಬ್ಯಾಸ್ಕೆಟ್‌ಬಾಲ್ (1891) ಮತ್ತು ವಾಲಿಬಾಲ್ (1895) ಎರಡೂ ಅಮೆರಿಕದಲ್ಲಿ ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಘದ ವ್ಯಾಯಾಮಶಾಲೆಗಳಲ್ಲಿ ಹುಟ್ಟಿದ ಆಟಗಳು. ಆದರೆ ಬಿಟ್ಟರೆ ಚೆಂಡು ದೊಡ್ಡ ಹುಡುಗರ ಕೈಯಲ್ಲೇ ಇರುತ್ತದೆ. ಮಂಗಳವಾರ, ಗುರುವಾರ ಮೈದಾನ ಹುಡುಗಿಯರದ್ದು ಎಂದು ಗೋಡೆಯ ಮೇಲೆ ಬರೆದು ಹಾಕಿ, ಅದನ್ನು ಸಡಿಲಿಸಬೇಡಿ.

ಈಗ ಮೊದಲ ಮಾತಿಗೆ, ಒಡನಾಡಿಗಳ, ಅಂದರೆ ವರ್ಷಪೂರ್ತಿ ಬರುವ ದೊಡ್ಡವರ ವಿಷಯಕ್ಕೆ. ಒಬ್ಬರಿಗೆ ನಾಲ್ಕೈದು ಮಕ್ಕಳಿಗಿಂತ ಹೆಚ್ಚು ಬೇಡ. ಜೂನ್‌ನಿಂದ ಮಾರ್ಚ್‌ವರೆಗೆ ವಾರಕ್ಕೆ ಎರಡು ದಿನ ಬರುತ್ತೇನೆ ಎಂದು ಬರೆದುಕೊಡುವವರನ್ನೇ ತೆಗೆದುಕೊಳ್ಳಿ. ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಅಮೆರಿಕದಲ್ಲಿ ಒಬ್ಬ ದೊಡ್ಡವರು, ಒಂದು ಮಗು ಎನ್ನುವ ಇಂಥ ಜೋಡಿಗಳ ಮೇಲೆ ಮಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷ ದಾಟಿದ ಒಡನಾಟ ಮಕ್ಕಳಿಗೆ ಅತಿ ಹೆಚ್ಚು ಒಳಿತು ಮಾಡಿತ್ತು. ಕೆಲವೇ ತಿಂಗಳಲ್ಲಿ ಮುರಿದದ್ದು ಮಕ್ಕಳ ಆತ್ಮವಿಶ್ವಾಸವನ್ನು ಮೊದಲಿಗಿಂತ ಕೆಳಗಿಳಿಸಿತ್ತು. ಮನೆಯಲ್ಲಿ ಒಮ್ಮೆ ಬಿಟ್ಟುಹೋದ ಅಪ್ಪನನ್ನು ಕಂಡ ಮಗುವಿಗೆ ಬಿಟ್ಟುಹೋಗುವ ಅಣ್ಣನನ್ನು ಕೊಡಬಾರದು. ಡಿಗ್ರಿ ಓದುವ ಯುವಜನರು ಉತ್ಸಾಹದಿಂದ ಬರುತ್ತಾರೆ, ಸೆಮಿಸ್ಟರ್ ಪರೀಕ್ಷೆ ಬಂದಾಗ ಮೂರು ವಾರ ಕಾಣುವುದಿಲ್ಲ. ಅದು ಅವರ ತಪ್ಪಲ್ಲ. ಪ್ರತಿ ಗುಂಪಿಗೂ ಒಬ್ಬ ವಿದ್ಯಾರ್ಥಿ, ಒಬ್ಬ ನಿವೃತ್ತ ಟೀಚರ್ ಅಥವಾ ಗೃಹಿಣಿ ಎಂದು ಜೋಡಿ ಮಾಡಿ, ಪರೀಕ್ಷೆಯ ರಜೆಯನ್ನು ಮಕ್ಕಳಿಗೆ ಮುಂಚೆಯೇ ಹೇಳಿ.

ವಾರಕ್ಕೊಮ್ಮೆ ಪ್ರತಿ ಮಗುವಿನ ಜೊತೆ ಹದಿನೈದು ನಿಮಿಷ ಮಾತು, ಎಲ್ಲರಿಗೂ ಕಾಣುವ ಜಗಲಿಯ ಮೇಲೆ. 'ಹೇಗಿದ್ದೀಯಾ' ಎಂದರೆ 'ಚೆನ್ನಾಗಿದ್ದೀನಕ್ಕ' ಎಂದಷ್ಟೇ ಬರುತ್ತದೆ. 'ನಿನ್ನೆ ರಾತ್ರಿ ಎಷ್ಟೊತ್ತಿಗೆ ಮಲಗಿದೆ?', 'ಬುಧವಾರ ಶಾಲೆಗೆ ಯಾಕೆ ಹೋಗಲಿಲ್ಲ?' ಎಂದು ಕೇಳಿದರೆ ಮನೆಯ ಸ್ಥಿತಿ ತಾನಾಗಿ ಹೊರಬರುತ್ತದೆ. ಎಂಟನೇ ಕ್ಲಾಸಿನಲ್ಲೇ ಮಗುವಿನ ಆಧಾರ್, ಶಾಲಾ ದಾಖಲೆ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಇದೆಯೇ ನೋಡಿ. ಒಂದರಲ್ಲಿ ಮೇರಿ, ಇನ್ನೊಂದರಲ್ಲಿ ಮರಿಯಮ್ಮ ಎಂದಿದ್ದರೆ ವಿದ್ಯಾರ್ಥಿವೇತನ ಅಲ್ಲೇ ನಿಲ್ಲುತ್ತದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ತಾಯಿಯ ಜೊತೆ ಹೋಗುವವರು ಯಾರಾದರೂ ಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ ಫೇಲಾದ ಮಗುವಿನ ಮನೆಗೆ ಒಡನಾಡಿ ಹೋಗಲೇಬೇಕು. ಈಗ ಅದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ಅರ್ಜಿಯ ಕೊನೆ ದಿನ ಮಾತ್ರ ಬೇಗ ಬರುತ್ತದೆ, ಮಗು ಅಳುತ್ತ ಕೂತಿರುವಾಗಲೇ ದಾಟಿಹೋಗುತ್ತದೆ.

ಮಕ್ಕಳ ರಕ್ಷಣೆಯಲ್ಲಿ ರಾಜಿ ಬೇಡ. ಹಾಲಿನಲ್ಲಿ ಯಾವಾಗಲೂ ಇಬ್ಬರು ದೊಡ್ಡವರು, ಅವರಲ್ಲಿ ಒಬ್ಬರು ಹೆಂಗಸು. ಮುಚ್ಚಿದ ಬಾಗಿಲ ಹಿಂದೆ ಒಂದು ಮಗು, ಒಬ್ಬ ದೊಡ್ಡವರು ಎನ್ನುವುದು ಎಂದೂ ಇಲ್ಲ, ಪ್ರಾರ್ಥನೆಗೂ ಇಲ್ಲ, ಸಭಾಪಾಲಕರಿಗೂ ವಿನಾಯಿತಿ ಇಲ್ಲ. ಬೈಕಿನಲ್ಲಿ ಒಬ್ಬಳೇ ಹುಡುಗಿಯನ್ನು ಬಿಟ್ಟುಬರುವುದು, ಮಕ್ಕಳಿಗೆ ರಾತ್ರಿ ವಾಟ್ಸ್ಯಾಪ್ ಮಾಡುವುದು ನಿಷಿದ್ಧ. ಸಂದೇಶ ಪೋಷಕರ ಗುಂಪಿಗೆ ಮಾತ್ರ. ಸ್ವಯಂಸೇವಕರ ಪೊಲೀಸ್ ಪರಿಶೀಲನೆ ಮೊದಲೇ ಆಗಿರಲಿ. ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ 21ನೇ ಕಲಂ ಪ್ರಕಾರ ಶಿಕ್ಷೆ ಇದೆ. ಸಭೆಯ ಹಿರಿಯರು ಸೇರಿ ಒಳಗೇ ಬಗೆಹರಿಸುವ ವಿಷಯ ಅದಲ್ಲ. ಮಕ್ಕಳ ಸಹಾಯವಾಣಿ 1098 ಸಂಖ್ಯೆ ಮಕ್ಕಳ ಕಣ್ಣಿನ ಎತ್ತರಕ್ಕೆ ಗೋಡೆಯ ಮೇಲಿರಲಿ.

ನಂಬಿಕೆಯ ವಿಷಯವನ್ನು ತೆರೆದು ಹೇಳಬೇಕು. ಗೋಡೆಯ ಮೇಲೆ ಶಿಲುಬೆ ಇದೆ, ಇದು ಚರ್ಚ್ ನಡೆಸುವ ಕೇಂದ್ರ, ಅದನ್ನು ಮರೆಮಾಚುವುದು ಬೇಡ. ಆದರೆ ಬರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದೂ, ಮುಸ್ಲಿಂ ಮನೆಯವರೇ ಇರಬಹುದು. ಬೈಬಲ್ ಪಾಠ ಸಂಜೆಯ ಹೊತ್ತಿನಲ್ಲಿ ಬೇಡ, ಭಾನುವಾರಕ್ಕಿರಲಿ. ತಿಂಡಿ, ಬ್ಯಾಗು, ಫೀಸು ಯಾವುದಕ್ಕೂ ಪ್ರಾರ್ಥನೆಯ ಷರತ್ತು ಸೇರಬಾರದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆಗಳಲ್ಲಿ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ ಸಂವಿಧಾನದ 28(3)ನೇ ವಿಧಿ. ಸಂಜೆ ಕೇಂದ್ರಕ್ಕೆ ಮಾನ್ಯತೆ ಇಲ್ಲದಿದ್ದರೂ ಅದೇ ಅಳತೆ ಇಟ್ಟುಕೊಳ್ಳುವುದು ಸರಿ. ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಮಗುವಿಗೆ ಪಾತ್ರ ಕೊಡುವ ಮೊದಲು ತಾಯಿಯನ್ನು ಕೇಳಿ. ತಿಂಗಳ ಮೊದಲ ಶನಿವಾರ ಪೋಷಕರು ಬಂದು ಕೂತು ನೋಡಲಿ. ನೆರೆಹೊರೆಯವರ ಅನುಮಾನ ಕರಪತ್ರದಿಂದ ಹೋಗುವುದಿಲ್ಲ, ತೆರೆದ ಬಾಗಿಲಿನಿಂದ ಹೋಗುತ್ತದೆ. ಪ್ರೀತಿಗೆ ಪ್ರತಿಫಲ ಕೇಳಬಾರದು ಎನ್ನುವುದು ನಮ್ಮ ನಂಬಿಕೆಯ ಒಳಗಿನದ್ದೇ ಮಾತು.

ಹಣವನ್ನು ಆದಷ್ಟೂ ಊರಿನೊಳಗೇ ಎತ್ತಿ. ಅಮೆರಿಕದ ಕ್ರೈಸ್ತ ಸೇವಾ ಸಂಸ್ಥೆ ಕಂಪ್ಯಾಷನ್ ಇಂಟರ್‌ನ್ಯಾಷನಲ್ ಸ್ಥಳೀಯ ಸಭೆಗಳ ಮೂಲಕ ನಮ್ಮ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ನೆರವಾಗುತ್ತಿತ್ತು. ವಿದೇಶಿ ದೇಣಿಗೆ ಕಳಿಸಲು ಸರ್ಕಾರದ ಅನುಮತಿ ಸಿಗದೆ 2017ರ ಮಾರ್ಚ್‌ನಲ್ಲಿ ಅದು ಭಾರತದ ಕೆಲಸ ನಿಲ್ಲಿಸಬೇಕಾಯಿತು. ಹೊರಗಿನ ಒಂದೇ ಕೈ ನಂಬಿದ ಕೇಂದ್ರಗಳಿಗೆ ಬೇರೆ ದಾರಿ ಇರಲಿಲ್ಲ. 25 ಮಕ್ಕಳ ಕೇಂದ್ರದ ತಿಂಡಿ ಖರ್ಚನ್ನು 20 ಮನೆಗಳು ತಿಂಗಳಿಗೆ ಒಂದೊಂದು ದಿನದಂತೆ ಹಂಚಿಕೊಂಡರೆ ಭಾರವಾಗುವುದಿಲ್ಲ. ಪ್ರತಿ ರೂಪಾಯಿಗೂ ರಸೀದಿ ಕೊಡಿ, ಲೆಕ್ಕವನ್ನು ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಹಾಕಿ. ಸಂಯೋಜಕರೊಬ್ಬರಿಗೆ ಮಾತ್ರ ಗೌರವಧನ ಕೊಡಲೇಬೇಕು. ಬೀಗದ ಕೈ, ಹಾಜರಿ ಪುಸ್ತಕ, ಕುಕ್ಕರು ಮೂರನ್ನೂ ದಿನಾ ನೋಡಿಕೊಳ್ಳುವ ಕೆಲಸ ಬಿಟ್ಟಿಯಾಗಿ ಬಹಳ ದಿನ ನಡೆಯುವುದಿಲ್ಲ.

ಏಪ್ರಿಲ್, ಮೇನಲ್ಲಿ ಹಾಲ್ ವಿ.ಬಿ.ಎಸ್.ಗೆ, ಅಂದರೆ ರಜೆಯ ಬೈಬಲ್ ಶಾಲೆಗೆ ಹೋಗುತ್ತದೆ, ಮಕ್ಕಳು ಅಜ್ಜಿಯ ಊರಿಗೆ ಹೋಗುತ್ತಾರೆ. ಆ ಎರಡು ತಿಂಗಳಲ್ಲಿ ಒಡನಾಡಿ ಪ್ರತಿ ಮಗುವಿನ ಮನೆಗೆ ಒಂದು ಸಲವಾದರೂ ಫೋನ್ ಮಾಡಲಿ. ಮೇ ಎರಡನೇ ವಾರದೊಳಗೆ ಮುಂದಿನ ವರ್ಷಕ್ಕೆ ಯಾರ್ಯಾರು ಬರುತ್ತಾರೆ ಎಂದು ಬರೆಸಿಕೊಳ್ಳಿ. ಬರೆದುಕೊಟ್ಟವರು ನಾಲ್ಕೇ ಜನ ಇದ್ದರೆ ಜೂನ್‌ನಲ್ಲಿ ಹದಿನಾರು ಮಕ್ಕಳನ್ನಷ್ಟೇ ಸೇರಿಸಿಕೊಳ್ಳಿ.