ಕೊಚ್ಚಿಯಿಂದ ಹಡಗು ಹತ್ತಿ ಲಕ್ಷದ್ವೀಪಕ್ಕೆ: ಮಂಗಳೂರಿನಿಂದ ಹೊರಡುವವರಿಗೆ

ನನ್ನ ತಂದೆಯ ಅಕ್ಕಿ ಅಂಗಡಿ ಮಂಗಳೂರಿನ ಬಂದರಿನಲ್ಲಿತ್ತು. ಮಳೆಗಾಲ ಕಳೆದು ಮೊದಲ ಮಂಜಿ, ಅಂದರೆ ಸರಕಿನ ಮರದ ಹಡಗು, ದಕ್ಕೆಗೆ ಬಂತೆಂದರೆ ಅಂಗಡಿಗೆ ಲಕ್ಷದ್ವೀಪದ ಗಿರಾಕಿಗಳು ಬಂದರೆಂದೇ ಅರ್ಥ. ಹೋಗುವಾಗ ಅಕ್ಕಿ, ಸಿಮೆಂಟ್, ತರಕಾರಿ; ಬರುವಾಗ ತೆಂಗಿನಕಾಯಿ, ಒಣಗಿಸಿದ ಸೂರೆ (ಟ್ಯೂನಾ) ಮೀನು. ಹಾಗಾಗಿ ಆ ದ್ವೀಪಗಳು ನಮ್ಮ ಪಕ್ಕದ ಊರೇ ಎಂಬ ಭಾವನೆಯಲ್ಲಿ ಬೆಳೆದವನು ನಾನು. ಕಳೆದ ವರ್ಷ ಅಮ್ಮನನ್ನು ಕರೆದುಕೊಂಡು ಹೊರಟಾಗ ಮಾತ್ರ ಮೊದಲು ರೈಲು ಹತ್ತಿ 400 ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಹೋಗಬೇಕಾಯಿತು. ಪ್ರವಾಸಿಗಳ ಹಡಗು ಹೊರಡುವುದು ಕೊಚ್ಚಿಯಿಂದ.

ಮೊದಲು ಅನುಮತಿಯ ವಿಷಯ. ದ್ವೀಪದವರಲ್ಲದ ಭಾರತೀಯರಿಗೂ ಅಲ್ಲಿಗೆ ಪ್ರವೇಶ ಪರವಾನಗಿ ಬೇಕು. 1967ರ ನಿಯಮ ಇಂದಿಗೂ ಜಾರಿಯಲ್ಲಿದೆ. ಇದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಲೇಬೇಡಿ. ಅದಕ್ಕೂ ಹಿಂದಿನ ವರ್ಷ ನಾವು ನಂಬಿದ್ದ ಏಜೆಂಟ್ ಕಾಗದಪತ್ರಗಳನ್ನು ತಡವಾಗಿ ಕೊಟ್ಟದ್ದರಿಂದ ಪ್ರಯಾಣವೇ ತಪ್ಪಿತ್ತು. ಅಮ್ಮ ಆ ಹೊತ್ತಿಗೆ ಚೀಲ ಕಟ್ಟಿಯಾಗಿತ್ತು. ಆ ಮುಖವನ್ನು ನಾನು ಮರೆತಿಲ್ಲ. ಈ ಸಲ ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆಯಾದ ಸ್ಪೋರ್ಟ್ಸ್‌ನ ಮೂಲಕವೇ ‘ಸಮುದ್ರಂ’ ಎಂಬ ಐದು ದಿನಗಳ ಪ್ರವಾಸಕ್ಕೆ ಹೆಸರು ಕೊಟ್ಟೆವು. ರಾತ್ರಿ ಹಡಗಿನಲ್ಲಿ ನಿದ್ದೆ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಸುತ್ತಾಟ. ಅಕ್ಟೋಬರಿನಿಂದ ಮೇ ನಡುವಿನವರೆಗಿನ ಕಾಲ ಒಳ್ಳೆಯದು. ವಯಸ್ಸಾದವರು ಜೊತೆಗಿದ್ದರೆ ಕಡಲು ಶಾಂತವಾಗಿರುವ ಜನವರಿ, ಫೆಬ್ರವರಿ ತಿಂಗಳುಗಳನ್ನೇ ಆರಿಸಿಕೊಳ್ಳಿ.

ಮಂಗಳೂರಿನಿಂದ ಸಂಜೆ ಹೊರಡುವ ರೈಲುಗಳು ಎರ್ನಾಕುಲಂ ತಲುಪುವುದು ಅಪರಾತ್ರಿಯಲ್ಲಿ. ಹಡಗಿನ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಹಡಗು ಹತ್ತುವ ಸ್ಥಳ ವಿಲ್ಲಿಂಗ್ಡನ್ ದ್ವೀಪ. ಅಲ್ಲಿ ಸಾಮಾನಿನ ತಪಾಸಣೆಗೆ ಸಾಕಷ್ಟು ಹೊತ್ತು ಹಿಡಿಯುತ್ತದೆ.

ನಮ್ಮದು ಎಂ.ವಿ. ಕವರತ್ತಿ, ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ, 700 ಪ್ರಯಾಣಿಕರ ಹಡಗು. ಹತ್ತುವ ಮೊದಲೇ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ಇದು ವಿಹಾರದ ಹಡಗಲ್ಲ, ದ್ವೀಪದ ಜನರ ಬಸ್ಸು. ಹೆರಿಗೆಗೆ, ಆಸ್ಪತ್ರೆಗೆ, ಕಾಲೇಜಿಗೆ, ಮದುವೆಯ ಬಟ್ಟೆ ತರುವುದಕ್ಕೆ ಅವರಿಗೆ ಇದೇ ದಾರಿ. ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಇಂಥ ಹಡಗುಗಳು ಲಕ್ಷದ್ವೀಪ ಆಡಳಿತದ ಸ್ವತ್ತು. ಅವನ್ನು ಆಡಳಿತದ ಪರವಾಗಿ ವರ್ಷಗಟ್ಟಲೆ ನಡೆಸಿದ್ದು ಭಾರತೀಯ ಶಿಪ್ಪಿಂಗ್ ಕಾರ್ಪೊರೇಷನ್. ಈಸ್ಟರ್ನ್ ಮತ್ತು ವೆಸ್ಟರ್ನ್ ಎಂಬ ಎರಡು ಸರ್ಕಾರಿ ಹಡಗು ನಿಗಮಗಳನ್ನು ಕೂಡಿಸಿ 1961ರ ಅಕ್ಟೋಬರ್ 2ರಂದು ಹುಟ್ಟಿದ ಸಂಸ್ಥೆ ಅದು. ಅದರ ಸಂಪಾದನೆ ಮುಖ್ಯವಾಗಿ ಕಚ್ಚಾತೈಲದ ಟ್ಯಾಂಕರುಗಳಿಂದ, ಸರಕು ಹಡಗುಗಳಿಂದ. ಪ್ರಯಾಣಿಕರನ್ನು ಸಾಗಿಸುವುದು ಅಂಡಮಾನ್, ಲಕ್ಷದ್ವೀಪಗಳಂಥ ಕಡೆಗಳಲ್ಲಿ ಮಾತ್ರ. ಲಾಭವನ್ನಷ್ಟೇ ನೋಡುವ ಖಾಸಗಿ ಕಂಪನಿ ಈ ದಾರಿಗೆ ಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ನಮ್ಮ ನೆರೆಮನೆಯ ಬ್ಯಾರಿ ಕುಟುಂಬದ ಅಜ್ಜ ಮುಂಬೈಯಿಂದ ಹಜ್‌ಗೆ ಹೋದದ್ದು ಮೊಗಲ್ ಲೈನ್ ಹಡಗಿನಲ್ಲಿ. 1877ರಲ್ಲಿ ಶುರುವಾದ ಆ ಕಂಪನಿಯೂ 1986ರಲ್ಲಿ ಇದೇ ಕಾರ್ಪೊರೇಷನ್ನಿನೊಳಗೆ ಸೇರಿತು.

ಆ ಮನೆಯ ಮಗ, ನನ್ನ ಬಾಲ್ಯದ ಗೆಳೆಯ, ನಮ್ಮ ಜೊತೆಗೇ ಇದ್ದ. ಮೊದಲ ರಾತ್ರಿ ಡೆಕ್ಕಿನಲ್ಲಿ ಕದ್ಮತ್ ದ್ವೀಪದ ಹಿರಿಯರೊಬ್ಬರು ಸಿಕ್ಕಿದರು. ಕೊಚ್ಚಿಯಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿಸಿ, ಕವರತ್ತಿಯಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಇವನದು ಬ್ಯಾರಿ ಭಾಷೆ, ಅವರದು ಮಲಯಾಳಕ್ಕೆ ಹತ್ತಿರದ ದ್ವೀಪದ ಮಾತು ಜಸರಿ. ಅರ್ಧಕ್ಕರ್ಧ ಮಾತು ಹೊಂದುತ್ತಿತ್ತು. ಮಂಗಳೂರು ಎಂದದ್ದೇ ತಡ, ಅವರು ನನ್ನ ಕಡೆ ತಿರುಗಿ, “ಬಂದರಿನಲ್ಲಿ ಅಕ್ಕಿಯ ಅಂಗಡಿಗಳು ಇನ್ನೂ ಇವೆಯೇ?” ಎಂದು ಕೇಳಿದರು. ಇವೆ ಎಂದೆ. ನಮ್ಮದು ಮುಚ್ಚಿತು ಎಂದು ಹೇಳಲು ಬಾಯಿ ಬರಲಿಲ್ಲ. ಕದ್ಮತ್, ಅಮಿನಿ, ಕಿಲ್ತಾನ್, ಚೆತ್ಲತ್, ಬಿತ್ರಾ ಇವೆಲ್ಲ 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು; ಮಂಗಳೂರಿನ ಕಲೆಕ್ಟರರ ಪರವಾಗಿ ಅಮಿನಿಯಲ್ಲಿ ಮೊನೆಗಾರ ಎಂಬ ಅಧಿಕಾರಿಯೊಬ್ಬ ಇರುತ್ತಿದ್ದ. ನಾವು ಶಾಲೆಯಲ್ಲಿ ಇದನ್ನು ಕಲಿಯಲಿಲ್ಲ. ಆ ಹಿರಿಯರಿಗೆ ಗೊತ್ತಿತ್ತು.

ಪ್ರವಾಸದ ಅತ್ಯಂತ ಕಷ್ಟದ ಗಳಿಗೆ ಹಡಗಿನಿಂದ ಇಳಿಯುವುದು. ಹವಳದ ದಿಬ್ಬದೊಳಗಿನ ಲಗೂನು ಆಳವಿಲ್ಲದ್ದರಿಂದ ದೊಡ್ಡ ಹಡಗು ಸಾಮಾನ್ಯವಾಗಿ ಹೊರಗೇ ಲಂಗರು ಹಾಕುತ್ತದೆ. ಹಡಗಿನ ಮಗ್ಗುಲಿನ ಬಾಗಿಲಿನಿಂದ, ಕೆಳಗೆ ಅಲೆಯೊಂದಿಗೆ ಏಳುತ್ತ ಬೀಳುತ್ತ ಇರುವ ದೋಣಿಗೆ ಕಾಲಿಡಬೇಕು. ದೋಣಿ ಮೇಲೇರಿದ ಕ್ಷಣದಲ್ಲಿ ದಾಟಬೇಕು, ಇಳಿಯುತ್ತಿರುವಾಗ ಅಲ್ಲ. ಸಿಬ್ಬಂದಿ ಎರಡೂ ಕಡೆ ತೋಳು ಹಿಡಿಯುತ್ತಾರೆ. ಅವರು ‘ಈಗ’ ಎಂದಾಗಲೇ ಹೆಜ್ಜೆ ಇಡಿ. ಎರಡೂ ಕೈ ಖಾಲಿ ಇರಲಿ, ಚೀಲ ಬೆನ್ನಿಗಿರಲಿ. ಸೀರೆ ಉಡುವ ಹಿರಿಯರು ಆ ಒಂದು ಹೊತ್ತಿಗಾದರೂ ಚೂಡಿದಾರ ಹಾಕಿಕೊಳ್ಳುವುದು ಕ್ಷೇಮ. ಅರುವತ್ತೆಂಟರ ಅಮ್ಮ ಮೂರು ದ್ವೀಪಗಳಲ್ಲೂ ಇಳಿದು ಹತ್ತಿದರು. ಆದರೆ ಮಂಡಿನೋವು ತೀವ್ರವಾಗಿರುವವರನ್ನು ಕರೆದೊಯ್ಯುವ ಮೊದಲು ಎರಡು ಸಲ ಯೋಚಿಸಿ.

ಮಿನಿಕಾಯಿಗೆ ಒಂದು ದಿನ ಸಾಲದು. 1885ರ ದೀಪಸ್ತಂಭವಿದೆ, ಭಾಷೆ ಮಲಯಾಳದ ಕಡೆಯದಲ್ಲ, ಮಾಲ್ದೀವಿನ ಕಡೆಯ ಮಹಲ್, ಊರುಗಳ ಅಂಗಳ ಗುಡಿಸಿಟ್ಟಂತೆ ಸ್ವಚ್ಛ. ಅಲ್ಲಿನ ಗಂಡಸರು ತಲೆಮಾರುಗಳಿಂದ ದೇಶವಿದೇಶದ ಹಡಗುಗಳಲ್ಲಿ ನಾವಿಕರಾಗಿ ದುಡಿಯುತ್ತ ಬಂದವರು.

ಊಟದಲ್ಲಿ ಸೂರೆ ಮೀನು, ತೆಂಗಿನಕಾಯಿ ಧಾರಾಳ. ಸಸ್ಯಾಹಾರಿಗಳು ಮೊದಲೇ ತಿಳಿಸಬೇಕು. ಮದ್ಯ ನಿಷೇಧವಿದೆ. ಹವಳದ ಚೂರನ್ನೂ ತರುವಂತಿಲ್ಲ. ವಾಕರಿಕೆ ಬರುವವರು ಹಡಗು ಅಳಿವೆ ದಾಟುವ ಮೊದಲೇ ಮಾತ್ರೆ ನುಂಗಬೇಕು, ಆಮೇಲೆ ನುಂಗಿದರೆ ಅಷ್ಟು ಪ್ರಯೋಜನವಿಲ್ಲ.

ವಾಪಸು ಬರುವ ರೈಲಿನ ಟಿಕೆಟನ್ನು ಹಡಗು ಕೊಚ್ಚಿ ತಲುಪುವ ದಿನಕ್ಕೆ ಮಾಡಿಸಬೇಡಿ. ನಮ್ಮ ಹಡಗು ಅರ್ಧ ದಿನ ತಡವಾಗಿ ಬಂತು. ಎರ್ನಾಕುಲಂನ ಲಾಡ್ಜಿನಲ್ಲಿ ಆ ರಾತ್ರಿ ಅಮ್ಮ ಮಂಚದ ಅಂಚು ಹಿಡಿದುಕೊಂಡು, ನೆಲ ಇನ್ನೂ ತೂಗುತ್ತಿದೆ ಎನ್ನುತ್ತಲೇ ನಿದ್ದೆ ಹೋದರು.