ಕಾಯಿಕೊರಕದ ಬಲೆ ಮತ್ತು ‘ಆಕರ್ಷಣೆ’ ಎಂಬ ಪದ

ಕೊಯ್ಲು ಮುಗಿದು ಕಾಫಿ ತೋಟದಲ್ಲಿ ಕಾಯಿಕೊರಕ ಹುಳುವಿಗೆ ಕೆಂಪು ಬಲೆ ಕಟ್ಟುವ ಕಾಲ ಬಂತೆಂದರೆ ಕೊಡಗಿನಲ್ಲಿ ಒಂದು ಮಾತು ಕೇಳಿಬರುತ್ತದೆ: “ಮೂಲೆಯಲ್ಲಿ ಒಂದು ಕಟ್ಟಿದರೆ ಸಾಕು, ಸುತ್ತಲಿನ ಹುಳುವನ್ನೆಲ್ಲ ಎಳೆದುಕೊಳ್ಳುತ್ತೆ.” ಬಲೆಯಲ್ಲಿಡುವ ವಾಸನೆಯ ದ್ರವಕ್ಕೆ ನಾವಿಟ್ಟಿರುವ ಹೆಸರು ‘ಆಕರ್ಷಕ’. ಭೂಮಿ ಕಾಯನ್ನು ಎಳೆಯುವುದೂ ಆಕರ್ಷಣೆ, ಅಯಸ್ಕಾಂತದ್ದೂ ಆಕರ್ಷಣೆ, ಮಡಿಕೇರಿಯ ರಾಜಾಸೀಟೂ ಪ್ರವಾಸಿಗರ ಆಕರ್ಷಣೆ. ಪದ ಒಂದೇ ಆದಾಗ ಕೆಲಸವೂ ಒಂದೇ ಎಂದು ಮನಸ್ಸು ನಂಬಿಬಿಡುತ್ತದೆ. ಬಲೆ ಕಟ್ಟುವುದರಲ್ಲಿ ಆಗುವ ತಪ್ಪುಗಳಿಗೆ ಬಹುಮಟ್ಟಿಗೆ ಈ ನಂಬಿಕೆಯೇ ಕಾರಣ.

ಪದದ ಬೇರು ಸಂಸ್ಕೃತದ ‘ಕೃಷ್’. ಎಳೆಯುವುದು, ಉಳುವುದು ಎರಡೂ ಅದರ ಅರ್ಥ. ಕೃಷಿ ಹುಟ್ಟಿದ್ದೂ ಅಲ್ಲಿಂದಲೇ. ಒಂದು ಗರ್ಭದಿಂದ ಇನ್ನೊಂದಕ್ಕೆ ಸೆಳೆಯಲ್ಪಟ್ಟ ಬಲರಾಮ ‘ಸಂಕರ್ಷಣ’, ಅವನ ಆಯುಧವೂ ನೇಗಿಲು. ಕನ್ನಡದ ‘ಸೆಳೆ’ಯೂ ಹೀಗೆಯೇ ಮೈಬಲದ ಮಾತು. ಆಷಾಢದಲ್ಲಿ ಹೊಳೆದಂಡೆಯಲ್ಲಿ ನಿಂತು “ಸೆಳವು ಜೋರಿದೆ, ಇಳೀಬೇಡಿ” ಎಂದರೆ ನೀರು ಕಾಲನ್ನು ನಿಜಕ್ಕೂ ಎಳೆದೊಯ್ಯುತ್ತದೆ ಎಂದೇ ಅರ್ಥ. ಅಯಸ್ಕಾಂತದಲ್ಲಿ ಮಾತ್ರ ಪದ ಬೇರೆ ದಾರಿ ಹಿಡಿದಿದೆ: ಅಯಸ್ ಎಂದರೆ ಕಬ್ಬಿಣ, ಕಾಂತ ಎಂದರೆ ಪ್ರಿಯ. ಕಲ್ಲಿನ ಗುಣವನ್ನು ಹೇಳಲು ಒಲವಿನ ಮಾತು ಬೇಕಾಯಿತು. ನನಗೆ ಇದು ಭಾಷೆಯ ದೋಷವಾಗಿ ಕಾಣುವುದಿಲ್ಲ. ಎಳೆತ, ಒಲವು ಎರಡನ್ನೂ ಬೆರೆಸಿ ಲೆಕ್ಕ ಹಾಕಿದಾಗಲೇ ತೊಂದರೆ.

ಭೌತವಿಜ್ಞಾನದ ಆಕರ್ಷಣೆ ಎರಡೂ ಕಡೆಯಿಂದ ಸಮವಾದ ಬಲ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮದಂತೆ ಭೂಮಿ ಕಾಫಿ ಕಾಯನ್ನು ಎಷ್ಟು ಎಳೆಯುತ್ತದೋ ಕಾಯಿ ಭೂಮಿಯನ್ನು ಅಷ್ಟೇ ಎಳೆಯುತ್ತದೆ. ದೂರ ಎರಡು ಪಟ್ಟಾದರೆ ಬಲ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. 60 ಕಿಲೋ ತೂಕದ ಇಬ್ಬರು ಒಂದು ಮೀಟರ್ ಅಂತರದಲ್ಲಿ ನಿಂತರೆ ಅವರ ನಡುವಿನ ಗುರುತ್ವ ಸುಮಾರು 25 ಮೈಕ್ರೋಗ್ರಾಂ ತೂಕದಷ್ಟು, ಪುಡಿ ಉಪ್ಪಿನ ಒಂದು ಹರಳಿಗಿಂತಲೂ ಕಡಿಮೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ 50 ಕಿಲೋ ಚೀಲದ ತೂಕ ಮಂಗಳೂರಿನ ಕಡಲತಡಿಗಿಂತ ಎತ್ತರದ ಕಾರಣಕ್ಕೇ ಸುಮಾರು 18 ಗ್ರಾಂನಷ್ಟು ಇಳಿಯಬೇಕು. ಕಾಲಡಿಯ ಬೆಟ್ಟವೇ ಎಳೆದು ಅದರಲ್ಲಿ ಸ್ವಲ್ಪವನ್ನು ಮರಳಿ ಕೊಡುತ್ತದೆ. ತಕ್ಕಡಿಯಲ್ಲಿ ಈ ವ್ಯತ್ಯಾಸ ಕಾಣದು, ಏಕೆಂದರೆ ಬಟ್ಟೂ ಅಷ್ಟೇ ಹಗುರಾಗಿರುತ್ತದೆ.

ಹುಳು ಬಲೆಗೆ ಬರುವುದಕ್ಕೆ ಇದಾವುದೂ ಅನ್ವಯಿಸುವುದಿಲ್ಲ. ಭಾರತದಲ್ಲಿ ಮೊದಲು 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಂಡ ಕಾಯಿಕೊರಕ ಎರಡು ಮಿಲಿಮೀಟರ್ ಕೂಡ ಉದ್ದವಿಲ್ಲದ ಕಪ್ಪು ದುಂಬಿ. ಹಾರುವುದು ಹೆಣ್ಣು ಮಾತ್ರ. ಹಣ್ಣಾದ ಕಾಯಿಯಿಂದ ಹೊರಡುವ ವಾಸನೆಗಳಲ್ಲಿ ಆಲ್ಕೋಹಾಲೂ ಇದೆ. ಬಲೆಯಲ್ಲಿಡುವ ಮೆಥನಾಲ್ ಮತ್ತು ಎಥನಾಲ್ ಅದರ ನಕಲು. ಆವಿ ಹುಳುವನ್ನು ಕೂದಲೆಳೆಯಷ್ಟೂ ಎಳೆಯುವುದಿಲ್ಲ. ಮೀಸೆಗೆ ವಾಸನೆ ತಾಗಿದ ಹುಳು ತನ್ನ ರೆಕ್ಕೆಯ ಬಲದಿಂದಲೇ ಗಾಳಿಗೆದುರಾಗಿ ಬರುತ್ತದೆ. ವಾಸನೆ ಹರಡುವುದು ದುಂಡಗೆ ಅಲ್ಲ, ಗಾಳಿ ಒಯ್ದ ಕಡೆಗೆ, ತುಂಡುತುಂಡಾದ ಎಳೆಗಳಾಗಿ. ಹಾಗಾಗಿ ಗಾಳಿಯ ಕೆಳದಿಕ್ಕಿನ ಅಂಚಿನಲ್ಲಿ ಕಟ್ಟಿದ ಬಲೆಯ ವಾಸನೆ ಪಕ್ಕದ ತೋಟಕ್ಕೆ ಹೋಗುತ್ತದೆ, ನಿಮ್ಮದಕ್ಕಲ್ಲ. ಒಂದೇ ದೊಡ್ಡ ಬಲೆಗಿಂತ ತೋಟದುದ್ದಕ್ಕೂ ಹರಡಿದ ಹಲವು ಚಿಕ್ಕ ಬಲೆಗಳು ಮೇಲು.

ಬಲೆಯ ಭಾಗಗಳು ಸರಳ: ಪಕ್ಕದಲ್ಲಿ ಕಿಟಕಿ ಕತ್ತರಿಸಿದ ಕೆಂಪು ಪಾತ್ರೆ, ಮಳೆ ಬೀಳದಂತೆ ಮೇಲೊಂದು ಮುಚ್ಚಳ, ಒಳಗೆ ನೇತಾಡುವ ಸಣ್ಣ ಸೀಸೆ, ತಳದಲ್ಲಿ ಸೋಪಿನ ನೀರು. ಕಾಫಿ ರೆಂಬೆಯ ಮಟ್ಟದಲ್ಲಿ, ನೆಲದಿಂದ ಸುಮಾರು 1.2 ಮೀಟರ್ ಎತ್ತರಕ್ಕೆ ಕಟ್ಟಬೇಕು. ಮೆಥನಾಲ್-ಎಥನಾಲ್ ಪ್ರಮಾಣ ಕೆಲವೆಡೆ 1:1, ಕೆಲವೆಡೆ 3:1. ಸೀಸೆಯ ಮುಚ್ಚಳದಲ್ಲಿ ಸುಮಾರು 2 ಮಿ.ಮೀ. ತೂತು. ತೂತು ದೊಡ್ಡದಾದರೆ ದ್ರವ ಕೆಲವೇ ದಿನಗಳಲ್ಲಿ ಆರಿಹೋಗುತ್ತದೆ, ಧೂಳು ಕೂತು ಮುಚ್ಚಿಕೊಂಡರೆ ವಾಸನೆಯೇ ಹೊರಡದು. ಮೆಥನಾಲ್ ಕುದಿಯುವುದು 64.7 ಡಿಗ್ರಿಯಲ್ಲಿ, ಎಥನಾಲ್ 78.4ರಲ್ಲಿ. ಮೆಥನಾಲ್ ಬೇಗ ಹಾರುವುದರಿಂದ ಉಳಿದ ದ್ರವದಲ್ಲಿ ಎರಡರ ಪ್ರಮಾಣ ದಿನದಿನಕ್ಕೂ ಬದಲಾಗುತ್ತದೆ. ಆದ್ದರಿಂದ ಹಳೆಯದಕ್ಕೆ ಹೊಸದನ್ನು ಸೇರಿಸದೆ ಪೂರಾ ಬದಲಿಸಿ. ಮೆಥನಾಲ್ ವಿಷ, ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗುತ್ತದೆ. ಅದರ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಕುಡಿಯುವ ನೀರಿನ ಬಾಟಲಿಯಲ್ಲಿ ಅದನ್ನು ಎಂದೂ ಇಡಬೇಡಿ, ಕೆಲಸದವರು ವಾಸಿಸುವ ಲೈನ್ ಮನೆಗಳ ಹತ್ತಿರವಂತೂ ಬೇಡವೇ ಬೇಡ.

ನಿಜವಾದ ಆಕರ್ಷಣೆ ಬಲೆಯಲ್ಲಿ ಇರುವುದು ತಳದ ನೀರಿನಲ್ಲಿ. ನೀರಿನ ಅಣುಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿರುತ್ತವೆ ಎಂದರೆ ಮೇಲ್ಮೈ ಚರ್ಮದಂತೆ ವರ್ತಿಸುತ್ತದೆ. ಇಷ್ಟು ಹಗುರದ ದುಂಬಿ ಬರೀ ನೀರಿಗೆ ಬಿದ್ದರೆ ತೇಲುತ್ತದೆ, ಪಾತ್ರೆಯ ಗೋಡೆ ಹಿಡಿದು ಹತ್ತಿ ಹೋಗಲೂಬಹುದು. ಹತ್ತಾರು ಹನಿ ಸೋಪು ಹಾಕಿದರೆ ಈ ಎಳೆತ ಅರ್ಧಕ್ಕಿಂತ ಕೆಳಗಿಳಿದು ಹುಳು ಮುಳುಗುತ್ತದೆ. ಪರಿಮಳವಿಲ್ಲದ ಸೋಪೇ ಆಗಲಿ. ಬೇರೆ ವಾಸನೆ ಬಲೆಯ ವಾಸನೆಯನ್ನು ಕೆಡಿಸಬಾರದು. ವಾರಕ್ಕೊಮ್ಮೆ ಸೋಸಿ ಎಣಿಸಿ, ನೀರು ಬದಲಿಸಿ. ಬಿದ್ದ ಕಪ್ಪು ಹುಳುಗಳೆಲ್ಲ ಕಾಯಿಕೊರಕವೇ ಎಂದು ಬರೆದಿಡಬೇಡಿ. ರೊಬಸ್ಟಾ ಕಾಫಿಯ ರೆಂಬೆಕೊರಕವೂ ಎಥನಾಲ್ ವಾಸನೆಗೆ ಬರುತ್ತದೆ.

ಇನ್ನು ಕಾಲ. ಕೊಯ್ಲಿನ ನಂತರ ಗಿಡದಲ್ಲಿ ಕಾಯಿ ಇರುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಾಗ ಉದುರು ಕಾಯಿಗಳೊಳಗಿಂದ ಹೆಣ್ಣುಗಳು ಹೊರಬೀಳುತ್ತವೆ, ಆಗ ಬಲೆಗೆ ಎದುರಾಳಿಯಿಲ್ಲ. ಹೊಸ ಕಾಯಿ ಬಲಿತ ಮೇಲೆ ಇಡೀ ತೋಟವೇ ಅದೇ ವಾಸನೆ ಬೀರುವಾಗ ಬಲೆ ಸಾವಿರ ಅಂಗಡಿಗಳ ನಡುವಿನ ಒಂದು ಅಂಗಡಿ. ಅಯಸ್ಕಾಂತಕ್ಕೆ ಇಂಥ ಪೈಪೋಟಿಯ ಚಿಂತೆಯಿಲ್ಲ, ಹುಳುವಿಗೆ ಮಾತ್ರ ಆಯ್ಕೆಯಿದೆ. ನೆಲದ ಕಾಯಿ, ಗಿಡದಲ್ಲಿ ಬಿಟ್ಟ ಒಣಕಾಯಿಗಳನ್ನು ಹೆಕ್ಕಿ ತೆಗೆಯದೆ ಬಲೆ ಕಟ್ಟಿದರೆ ಹಣ ದಂಡ. ಕಾಯಿ ಒಣಗಿಸುವ ಕಣದ ಸುತ್ತಲೂ ಬಲೆ ಬೇಕು. ರೊಬಸ್ಟಾ ಚೆರಿಯನ್ನು (ಸಿಪ್ಪೆಸಹಿತ ಒಣಗಿಸುವ ಕಾಯಿ) ತೇವಾಂಶ ಶೇ. 11ಕ್ಕೆ ಇಳಿಯುವವರೆಗೆ ಒಣಗಿಸದೆ ಚೀಲ ಕಟ್ಟಿದರೆ ಹುಳು ಒಳಗೇ ಮರಿ ಮಾಡುತ್ತದೆ.

ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕದ ಕಥೆಯೇ ಬೇರೆ. ಅಲ್ಲಿ ಬಳಸುವುದು ಆಹಾರದ ವಾಸನೆಯನ್ನಲ್ಲ, ಜೋಡಿಯನ್ನು ಕರೆಯಲು ಗಂಡು ಹುಳು ಹೊರಸೂಸುವ ವಾಸನೆಯಾದ ಫೆರೋಮೋನನ್ನು, ಬರುವುದು ಹೆಣ್ಣು. ಹಾರಾಟದ ಕಾಲ ಏಪ್ರಿಲ್-ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ನೆರಳು ಕಡಿಮೆಯಾಗಿ ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕುಗಳಲ್ಲಿ ಅದು ಮೊಟ್ಟೆಯಿಡುತ್ತದೆ. ಬಲೆಗೆ ಬಿದ್ದ ಹುಳು ಹಾರಾಟ ಶುರುವಾದುದನ್ನು ತಿಳಿಸುತ್ತದೆ, ಅಷ್ಟೇ. ಅದನ್ನು ನಂಬಿ ಮಾರ್ಚ್ ಮತ್ತು ಸೆಪ್ಟೆಂಬರ್‌ನ ಟ್ರೇಸಿಂಗ್ ಬಿಡಬಾರದು: ಕಾಂಡದ ಮೇಲೆ ಉಬ್ಬಿದ ಗೆರೆ, ಹಳದಿಯಾಗಿ ಬಾಡುವ ಎಲೆ ಕಂಡ ಗಿಡವನ್ನು ಹಾರಾಟಕ್ಕೆ ಮುನ್ನವೇ ಬೇರುಸಹಿತ ಕಿತ್ತು ಸುಡಬೇಕು.