ಶಿರಸಿಯ ಮಳೆಯಲ್ಲಿ ಒಣನಾಡಿನ ಜರಿಗಿಡ

ಜರಿಗಿಡವೆಂದರೆ ತೋಡಿನ ದಂಡೆ, ಬಾವಿಕಟ್ಟೆಯ ಹಾವಸೆ ಎಂದೇ ತಿಳಿದಿದ್ದ ನನಗೆ, ಬಂಡೆಯ ಬಿರುಕಿನಲ್ಲಿ ಬಿಸಿಲುಂಡು ಬದುಕುವ ಮಯೂರಶಿಖೆಯನ್ನು ಬಯಲುಸೀಮೆಯ ನೆಂಟರೊಬ್ಬರು ಎರಡು ವರ್ಷದ ಹಿಂದೆ ಕೊಟ್ಟರು. ಗೇಣಿಗಿಂತ ಚಿಕ್ಕದಾದ ಈ ಗಿಡದ ಒಂದೊಂದು ಎಲೆಯೂ ತೆಳುವಾದ ಕಡ್ಡಿಯ ತುದಿಯಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಂಡಿರುವುದರಿಂದ, ನೋಡಿದವರು ಇದನ್ನು ತಾಳೆಯ ಮರಿಯೆಂದೇ ಭ್ರಮಿಸುತ್ತಾರೆ.

ಮೊದಲನೆಯ ಗಿಡವನ್ನು ನಾನೇ ಕೊಂದೆ. ತೋಟದ ಮಣ್ಣಿಗೆ ಗೊಬ್ಬರ ಬೆರೆಸಿ, ಅಂಗಳದಲ್ಲಿಟ್ಟು, ಆಷಾಢದ ಮಳೆಗೆ ಬಿಟ್ಟದ್ದರಿಂದ ಅದರ ಬುಡ ಹದಿನೈದೇ ದಿನದಲ್ಲಿ ಕೊಳೆಯಿತು. ಎರಡನೆಯದಕ್ಕೆ ಚಿರೆಕಲ್ಲಿನ ಚೂರು, ದಪ್ಪ ಮರಳು ಮತ್ತು ಒಂದು ಹಿಡಿ ಎಲೆಗೊಬ್ಬರ ಸೇರಿಸಿ, ತಳದಲ್ಲಿ ದೊಡ್ಡ ತೂತಿರುವ ಮಣ್ಣಿನ ಕುಂಡದಲ್ಲಿ ನೆಟ್ಟು, ಇರಚಲು ತಾಗದ ಜಗಲಿಯ ಮೂಲೆಯಲ್ಲಿಟ್ಟಿದ್ದೇನೆ. ಗಾಳಿಯಲ್ಲೇ ಇಷ್ಟು ತೇವವಿರುವ ನಮ್ಮೂರಿನಲ್ಲಿ ಮಳೆಗಾಲದುದ್ದಕ್ಕೂ ನೀರು ಹಾಕುವ ಪ್ರಮೇಯವೇ ಅಪರೂಪ.

ಈ ಬೇಸಿಗೆಯಲ್ಲಿ ಮೂರು ವಾರ ಮನೆಯಲ್ಲಿರಲಿಲ್ಲ. ಮರಳಿ ಬಂದಾಗ ಎಲೆಗಳೆಲ್ಲ ಮುಷ್ಟಿಯಂತೆ ಒಳಕ್ಕೆ ಮಡಚಿ, ಕಂದುಬಣ್ಣಕ್ಕೆ ತಿರುಗಿದ್ದವು. “ಸತ್ತ ಗಿಡಕ್ಕೆ ಎಂತಕ್ಕೆ ನೀರು ಹಾಕ್ತೆ ತಮಾ?” ಎಂದು ಆಯಿ ಕೇಳಿದಳು. ನಿನ್ನೆ ಸಂಜೆ ಕುಂಡವನ್ನು ತೋಯಿಸಿದ್ದೆ. ಇಂದು ಬೆಳಿಗ್ಗೆ ಬೀಸಣಿಗೆಗಳು ಅರ್ಧ ಬಿಚ್ಚಿವೆ, ನಡುವಿನ ಎರಡರಲ್ಲಿ ಹಸಿರೂ ಕಾಣುತ್ತಿದೆ. ನೀರು ಹೋದರೂ ಜೀವಕೋಶ ಕೆಡದಂತೆ ಕಾಪಾಡಿಕೊಳ್ಳುವ ಈ ಶಕ್ತಿ, ಗಂಟೆ ಹೊತ್ತು ಕರೆಂಟು ಹೋದರೆ ಕಂಗೆಡುವ ನನಗೆ ತುಸು ನಾಚಿಕೆ ತರಿಸಿತು. ಆಯಿ ಈಗ ಚಹಾ ಲೋಟ ಹಿಡಿದು ಕುಂಡದ ಪಕ್ಕದಲ್ಲೇ ಕೂತಿದ್ದಾಳೆ.